ಎರರ್ ಬರೋದು ಸರಿ, ಪ್ರತಿ ಸಲ ಬೇರೆ ಬೇರೆ ಕಡೆ ಯಾಕೆ?

ನನ್ನ ಕಂಪ್ಯೂಟರ್‌ಗೆ ಯಾವ ಸಣ್ಣಪುಟ್ಟ ಕೆಲಸ ಕೊಟ್ಟರೂ ತಕರಾರಿಲ್ಲದೆ ಮಾಡುತ್ತಿತ್ತು. ದೊಡ್ಡ ಸಿ++ ಪ್ರಾಜೆಕ್ಟ್ ಒಂದನ್ನು ಕಂಪೈಲ್‌ಗೆ (ಬರೆದ ಕೋಡನ್ನು ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತಿರುಗಿಸಲು) ಹಾಕಿದರೆ ಮಾತ್ರ ಹತ್ತಿಪ್ಪತ್ತು ನಿಮಿಷಕ್ಕೆ ನಿಂತುಬಿಡುತ್ತಿತ್ತು. ಟರ್ಮಿನಲ್‌ನಲ್ಲಿ ‘ಇಂಟರ್ನಲ್ ಕಂಪೈಲರ್ ಎರರ್: ಸೆಗ್ಮೆಂಟೇಷನ್ ಫಾಲ್ಟ್’ ಅಂತ ಒಂದು ಸಾಲು, ಅಂದರೆ ಕಂಪೈಲರ್ ತಾನೇ ಮುಗ್ಗರಿಸಿ ಬಿದ್ದಿದೆ.

ಮೊದಲ ಸಲ ನನ್ನ ಕೋಡ್‌ನಲ್ಲೇ ಏನೋ ಎಡವಟ್ಟಾಗಿದೆ ಅಂದುಕೊಂಡೆ. ಆ ಫೈಲ್ ತೆರೆದು ಅರ್ಧ ಗಂಟೆ ನೋಡಿದೆ. ಏನೂ ಸಿಗಲಿಲ್ಲ. ಕಂಪೈಲ್ ಶುರುಮಾಡುವ ‘ಮೇಕ್’ ಕಮಾಂಡ್ ಮತ್ತೆ ಕೊಟ್ಟೆ. ಅದೇ ಫೈಲ್ ತೆಪ್ಪಗೆ ಕಂಪೈಲ್ ಆಯಿತು! ಮುಂದೆ ನಲವತ್ತು ಫೈಲ್ ದಾಟಿ ಇನ್ನೊಂದರ ಹತ್ತಿರ ಬಿತ್ತು. ಮತ್ತೆ ಓಡಿಸಿದರೆ ಮಗದೊಂದರಲ್ಲಿ. ಎರಡು ವಾರ ಹೀಗೇ ತಳ್ಳಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಬಿದ್ದರೆ ತಾನೇ ಎದ್ದು ಮತ್ತೆ ಓಡಲಿ ಅಂತ ಒಂದು ಪುಟ್ಟ ಸ್ಕ್ರಿಪ್ಟ್ ಕೂಡ ಬರೆದಿಟ್ಟಿದ್ದೆ.

ಒಂದು ದಿನ ಎರರ್‌ನ ಕೆಳಗಿನ ಸಾಲನ್ನು ಪೂರ್ತಿ ಓದಿದೆ. ನನ್ನ ಲಿನಕ್ಸ್‌ನಲ್ಲಿರುವ ಕಂಪೈಲರ್ ಜಿಸಿಸಿ ಹೀಗೆ ಬಿದ್ದಾಗ ಅದೇ ಫೈಲನ್ನು ತಾನೇ ಇನ್ನೊಮ್ಮೆ ಕಂಪೈಲ್ ಮಾಡಿ ನೋಡುತ್ತದೆ. ಎರಡನೇ ಸಲ ಅದೇ ಎರರ್ ಬರದಿದ್ದರೆ, ಈ ದೋಷ ಮತ್ತೆ ಕಾಣಿಸುತ್ತಿಲ್ಲ, ಬಹುಶಃ ಹಾರ್ಡ್‌ವೇರ್ ಅಥವಾ ಆಪರೇಟಿಂಗ್ ಸಿಸ್ಟಮ್‌ನ ಸಮಸ್ಯೆ ಇರಬೇಕು ಅಂತ ಬರೆದೇ ಹೇಳುತ್ತದೆ. ಎರಡು ವಾರದಿಂದ ಅದು ಹೇಳುತ್ತಲೇ ಇತ್ತು, ಓದದೇ ಇದ್ದವನು ನಾನು.

ಯೋಚಿಸಿದರೆ ಸರಿಯೇ ಅಲ್ವಾ? ಅದೇ ಫೈಲ್, ಅದೇ ಕಂಪೈಲರ್. ಸಾಫ್ಟ್‌ವೇರ್ ತಪ್ಪಾಗಿದ್ದರೆ ಪ್ರತಿ ಸಲ ಅದೇ ಜಾಗದಲ್ಲಿ ಬೀಳಬೇಕು. ಹಲವು ಥ್ರೆಡ್ (ಒಂದೇ ಸಮಯಕ್ಕೆ ನಡೆಯುವ ಕೆಲಸದ ಎಳೆ) ಇರುವ ಪ್ರೋಗ್ರಾಮ್‌ಗಳಿಗೆ ಈ ಮಾತು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ, ಅವು ಸಾಫ್ಟ್‌ವೇರ್ ತಪ್ಪಿನಿಂದಲೇ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಬೀಳಬಹುದು. ಆದರೆ ಜಿಸಿಸಿ ಒಂದು ಫೈಲನ್ನು ಒಂದೇ ಥ್ರೆಡ್‌ನಲ್ಲಿ ಕಂಪೈಲ್ ಮಾಡುತ್ತದೆ. ಅದರ ಎರರ್ ಊರೆಲ್ಲ ಅಲೆಯುತ್ತಿದೆ ಅಂದರೆ ಅನುಮಾನ ಹಾರ್ಡ್‌ವೇರ್ ಮೇಲೆ ಹೋಗಲೇಬೇಕು.

ಹಾರ್ಡ್‌ವೇರ್ ಅಂದ ತಕ್ಷಣ ನನ್ನ ತಲೆಗೆ ಹೊಳೆದಿದ್ದು ಬಿಸಿ. ‘ಸೆನ್ಸರ್ಸ್’ ಕಮಾಂಡ್ ಹಾಕಿ ನೋಡಿದರೆ ಕಂಪೈಲ್ ನಡೆಯುವಾಗ ಪ್ರೊಸೆಸರ್ 97 ಡಿಗ್ರಿ! ಸಿಕ್ಕಿಬಿದ್ದ ಕಳ್ಳ ಅಂತ ಖುಷಿಯಾಯಿತು. ಕೇಸ್ ಬಿಚ್ಚಿದೆ. ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಧೂಳು ಕಂಬಳಿ ಹೊದ್ದಂತೆ ಕೂತಿತ್ತು. ಹಳೆಯ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಾಗಾಗಿತ್ತು. ಎಲ್ಲ ಒರೆಸಿ ಹೊಸ ಪೇಸ್ಟ್ ಹಚ್ಚಿದ ಮೇಲೆ 81ಕ್ಕೆ ಇಳಿಯಿತು. ಕಂಪೈಲ್‌ಗೆ ಹಾಕಿದೆ. ಹದಿನೆಂಟನೇ ನಿಮಿಷಕ್ಕೆ ಮತ್ತೆ ಬಿತ್ತು.

ಬಿಸಿಯಾದಾಗ ಪ್ರೊಸೆಸರ್ ಮೊದಲು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಮಿತಿ ಮೀರಿದರೆ ಮಷಿನ್ ಆಫ್ ಆಗುತ್ತದೆ. ಬರೀ ಬಿಸಿಗೆ ಲೆಕ್ಕ ತಪ್ಪುವುದು ಕಡಿಮೆ. ಇದು ನನಗೆ ಗೊತ್ತಿದ್ದ ವಿಷಯವೇ, ಆದರೂ 97 ನೋಡಿ ಮರುಳಾದೆ.

ಆಪರೇಟಿಂಗ್ ಸಿಸ್ಟಮ್ ಬರೆದಿಡುವ ಕರ್ನಲ್ ಲಾಗ್‌ನಲ್ಲಿ ‘ಮಷಿನ್ ಚೆಕ್’ ಎರರ್, ಅಂದರೆ ಪ್ರೊಸೆಸರ್ ತಾನೇ ಹಿಡಿದ ಹಾರ್ಡ್‌ವೇರ್ ದೋಷ, ಇದೆಯಾ ಅಂತ ಹುಡುಕಿದೆ. ಒಂದೂ ಇರಲಿಲ್ಲ. ಅದನ್ನು ನೋಡಿ ನೆಮ್ಮದಿಪಡುವ ಹಾಗೂ ಇಲ್ಲ. ಇಸಿಸಿ (ತಪ್ಪನ್ನು ತಾನೇ ಹಿಡಿದು ತಿದ್ದುವ ವ್ಯವಸ್ಥೆ) ಇಲ್ಲದ ಮಾಮೂಲಿ ರ‍್ಯಾಮ್‌ನಲ್ಲಿ ಒಂದು ಬಿಟ್ ತಿರುಗಿ ಬಿದ್ದರೆ ಲಾಗ್‌ಗೆ ಬರೆಯುವವರು ಯಾರೂ ಇರುವುದಿಲ್ಲ. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಪ್ರೋಗ್ರಾಮನ್ನು ರಾತ್ರಿಯಿಡೀ ಓಡಿಸಿದೆ. ನಾಲ್ಕು ಸುತ್ತು ಮುಗಿಸಿ ಬೆಳಿಗ್ಗೆ ಸೊನ್ನೆ ಎರರ್ ತೋರಿಸಿತು. ರ‍್ಯಾಮ್ ಚೆನ್ನಾಗಿದೆ ಅಂತ ಗೆರೆ ಎಳೆದುಬಿಟ್ಟೆ. ಇಡೀ ಕಥೆಯಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದೇ. ಮೆಮ್‌ಟೆಸ್ಟ್ ಎರರ್ ತೋರಿಸಿದರೆ ಕಣ್ಣು ಮುಚ್ಚಿ ನಂಬಬಹುದು. ತೋರಿಸದಿದ್ದರೆ ಅಷ್ಟು ಬೇಗ ನಂಬಬಾರದು. ಅದು ಓಡುವಾಗ ಪ್ರೊಸೆಸರ್‌ಗೆ ಅಂಥ ದಣಿವೇ ಇರುವುದಿಲ್ಲ.

ಕೊನೆಗೆ ಎಂಪ್ರೈಮ್ ಹಾಕಿದೆ, ಅಂದರೆ ಪ್ರೈಮ್95ರ ಲಿನಕ್ಸ್ ರೂಪ. ದೊಡ್ಡ ದೊಡ್ಡ ಅವಿಭಾಜ್ಯ ಸಂಖ್ಯೆ ಹುಡುಕಲು ಮಾಡಿದ ಪ್ರೋಗ್ರಾಮ್ ಇದು. ಲಕ್ಷಾಂತರ ಅಂಕೆಗಳ ಸಂಖ್ಯೆಗಳನ್ನು ದಶಾಂಶದ ಲೆಕ್ಕದಲ್ಲಿ ಗುಣಿಸುತ್ತದೆ. ಕೊನೆಯಲ್ಲಿ ಬರುವ ಪ್ರತಿ ಉತ್ತರವೂ ಪೂರ್ಣಾಂಕಕ್ಕೆ ಅಂಟಿಕೊಂಡಿರಬೇಕು. ಪೂರ್ಣಾಂಕದಿಂದ 0.4ಕ್ಕಿಂತ ದೂರ ಹೋದರೆ ಎಲ್ಲೋ ಕೆಟ್ಟಿದೆ ಅಂತ ನಿಲ್ಲಿಸುತ್ತದೆ. ಕಂಪ್ಯೂಟರ್ ಸುಳ್ಳು ಹೇಳಿದರೆ ಹಿಡಿಯಲು ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ.

ಅದರ ‘ಸ್ಮಾಲ್ ಎಫ್‌ಎಫ್‌ಟಿ’ ಪರೀಕ್ಷೆಯ ಲೆಕ್ಕ ಪ್ರೊಸೆಸರ್‌ನ ಕ್ಯಾಶ್ (ಅದರೊಳಗಿನ ಪುಟ್ಟ ಮೆಮೊರಿ) ಒಳಗೇ ಮುಗಿಯುತ್ತದೆ, ರ‍್ಯಾಮ್ ತಂಟೆಗೆ ಹೋಗುವುದಿಲ್ಲ. ಮೂರು ಗಂಟೆ ಓಡಿತು, ಒಂದು ಎರರ್ ಇಲ್ಲ. ‘ಬ್ಲೆಂಡ್’ ಪರೀಕ್ಷೆ ರ‍್ಯಾಮನ್ನೂ ಜಗ್ಗುತ್ತದೆ. 25ನೇ ನಿಮಿಷಕ್ಕೆ ಮೂರನೇ ವರ್ಕರ್ (ಪ್ರೊಸೆಸರ್‌ನ ಒಂದು ಕೋರ್‌ನಲ್ಲಿ ಲೆಕ್ಕ ಮಾಡುವ ಭಾಗ) ನಿಂತಿತು: ರೌಂಡಿಂಗ್ 0.5, ಇರಬೇಕಾದದ್ದು 0.4ಕ್ಕಿಂತ ಕಡಿಮೆ. ಮತ್ತೆ ಓಡಿಸಿದಾಗ ಏಳನೆಯದು. ಪ್ರತಿ ಸಲ ಒಂದೇ ವರ್ಕರ್ ಬಿದ್ದಿದ್ದರೆ ಆ ಕೋರ್ ಮೇಲೆ ಅನುಮಾನ ಪಡುತ್ತಿದ್ದೆ. ಇಲ್ಲಿ ಹಾಗಿರಲಿಲ್ಲ.

ಆಗ ನೆನಪಾಯಿತು. ಮೊದಲು ಎಂಟು ಜಿಬಿಯ ಎರಡು ರ‍್ಯಾಮ್ ಸ್ಟಿಕ್ ಇದ್ದವು. ಮೂರು ತಿಂಗಳ ಹಿಂದೆ ಅದೇ ಮಾಡೆಲ್‌ನ ಇನ್ನೆರಡು ಹಾಕಿಸಿಕೊಂಡಿದ್ದೆ. ಜಾಗ ಜಾಸ್ತಿಯಾಯಿತಲ್ಲ ಅಂತ, ಒಟ್ಟಿಗೆ ನಾಲ್ಕು ಫೈಲ್ ಕಂಪೈಲ್ ಮಾಡುತ್ತಿದ್ದವನು ಹದಿನಾರಕ್ಕೆ ಏರಿಸಿದ್ದೆ. ಎರಡೂ ಒಟ್ಟಿಗೆ ಬದಲಾಗಿದ್ದರಿಂದ ಭಾರ ಹೆಚ್ಚಾಗಿದ್ದೇ ಕಾರಣ ಅಂತ ಕಂಡಿತ್ತು.

ಇನ್ನು ಮುಂದೆ ಒಂದು ಸಲಕ್ಕೆ ಒಂದೇ ಬದಲಾವಣೆ ಅಂತ ತೀರ್ಮಾನಿಸಿ, ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತಾ ಹೋದೆ. ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್ ಪುಟ) ಎಕ್ಸ್‌ಎಂಪಿ, ಅಂದರೆ ರ‍್ಯಾಮನ್ನು ಪ್ಯಾಕೆಟ್ ಮೇಲಿನ ವೇಗಕ್ಕೆ ಓಡಿಸುವ ಸೆಟ್ಟಿಂಗ್, ತೆಗೆದೆ. ರ‍್ಯಾಮ್ ವೇಗ 3200ರಿಂದ 2133ಕ್ಕೆ ಇಳಿಯಿತು. ಬ್ಲೆಂಡ್ ಹನ್ನೆರಡು ಗಂಟೆ ಓಡಿತು, ಎರರ್ ಇಲ್ಲ. ಎಕ್ಸ್‌ಎಂಪಿ ಮತ್ತೆ ಹಾಕಿ ಹಳೆಯ ಜೋಡಿ ಮಾತ್ರ ಇಟ್ಟೆ. ಎಂಟು ಗಂಟೆ, ಎರರ್ ಇಲ್ಲ. ಹೊಸ ಜೋಡಿ ಮಾತ್ರ ಇಟ್ಟೆ. ಆಗಲೂ ಇಲ್ಲ. ನಾಲ್ಕನ್ನೂ ಹಾಕಿ 3200ಕ್ಕೆ ಬಿಟ್ಟರೆ 40 ನಿಮಿಷಕ್ಕೆ ಬಿತ್ತು.

ಅಂದರೆ ಕೆಟ್ಟ ಸ್ಟಿಕ್ ಯಾವುದೂ ಇರಲಿಲ್ಲ! ಎಕ್ಸ್‌ಎಂಪಿ ಅನ್ನೋದು ಒಂದು ರೀತಿಯ ಓವರ್‌ಕ್ಲಾಕಿಂಗ್, ಅಂದರೆ ಮಾಮೂಲಿ ವೇಗಕ್ಕಿಂತ ಜೋರಾಗಿ ಓಡಿಸುವುದು. ಪ್ಯಾಕೆಟ್ ಮೇಲೆ ಬರೆದ 3200 ಆ ಪ್ಯಾಕೆಟ್‌ನಲ್ಲಿರುವ ಸ್ಟಿಕ್‌ಗಳಿಗೆ ಕೊಟ್ಟ ಮಾತು. ಎರಡು ಪ್ಯಾಕೆಟ್ ಸೇರಿಸಿದರೆ ಆ ಮಾತು ನಡೆಯಬೇಕು ಅಂತೇನಿಲ್ಲ. ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೆ. ನಾಲ್ಕು ಸ್ಟಿಕ್ ಎಳೆಯುವುದು ಅದಕ್ಕೆ ಎರಡಕ್ಕಿಂತ ಕಷ್ಟದ ಕೆಲಸ. ವೋಲ್ಟೇಜ್ ಏರಿಸಿ 3200ರಲ್ಲೇ ನಿಲ್ಲಿಸಲು ಕೆಲವರು ಒದ್ದಾಡುತ್ತಾರೆ. ನನಗೆ ಅಷ್ಟು ತಾಳ್ಮೆ ಇಲ್ಲ. 2933ಕ್ಕೆ ಇಳಿಸಿದೆ. ಬ್ಲೆಂಡ್ 24 ಗಂಟೆ ಓಡಿತು, ಕಂಪೈಲ್ ಹತ್ತಕ್ಕೆ ಹತ್ತೂ ಸಲ ಮುಗಿಯಿತು. 31 ನಿಮಿಷದ ಕೆಲಸಕ್ಕೆ ಅರ್ಧ ನಿಮಿಷವೂ ಹೆಚ್ಚಾಗಲಿಲ್ಲ. ಆ ಸ್ಕ್ರಿಪ್ಟನ್ನು ಅಳಿಸಿಹಾಕಿದೆ.

ಕಂಪೈಲರ್ ಆದರೆ ಬಿದ್ದು ಕೂಗಿಕೊಳ್ಳುತ್ತದೆ. ಸದ್ದಿಲ್ಲದೆ ಕೆಟ್ಟ ಫೈಲ್‌ಗಳ ಕಥೆ ಏನು ಅಂತ ತಲೆಗೆ ಬಂದದ್ದು ಆಮೇಲೆ. ಆ ಮೂರು ತಿಂಗಳಲ್ಲಿ ಎಕ್ಸ್‌ಝಡ್‌ನಲ್ಲಿ ಕುಗ್ಗಿಸಿ ಇಟ್ಟಿದ್ದ ಬ್ಯಾಕಪ್ ಹನ್ನೊಂದು. ಒಂದೊಂದನ್ನೂ ಪರೀಕ್ಷೆಗೆ ಹಾಕಿದೆ. ಒಂಬತ್ತು ಸರಿಯಾಗಿದ್ದವು. ಎರಡರಲ್ಲಿ ಡೇಟಾ ಕೆಟ್ಟಿದೆ ಅಂತ ಬಂತು. ಒಂದರ ಮೂಲ ಫೈಲ್‌ಗಳು ಇನ್ನೂ ಡಿಸ್ಕ್‌ನಲ್ಲಿದ್ದವು, ಮತ್ತೆ ಮಾಡಿಕೊಂಡೆ. ಇನ್ನೊಂದರ ಮೂಲವನ್ನು, ಹೇಗೂ ಬ್ಯಾಕಪ್ ಇದೆಯಲ್ಲ ಅಂತ, ನಾನೇ ಅಳಿಸಿದ್ದೆ.