ಕಡಲೆಕಾಯಿ ಬೇರಿನ ಗಂಟು ಬಿಡಿಸಿದ ಬಗೆ

ನಮ್ಮ ಹೊಲ ಪಾವಗಡದ ಹತ್ತಿರ. ಕೆಂಪು ಮರಳು ಮಣ್ಣು. ಮುಂಗಾರು ಕೈಹಿಡಿದರೆ ಕಡಲೆಕಾಯಿ, ನಡುನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ, ಅಲಸಂದೆ. ಕಳೆ ತೆಗೆಯುವಾಗ ಕಿತ್ತುಬಂದ ಗಿಡವನ್ನು ತಿರುಗಿಸಿ, ಬೇರಿಗೆ ಅಂಟಿದ ಸಾಸಿವೆ ಗಾತ್ರದ ಗಂಟುಗಳನ್ನು ಅಮ್ಮ ತೋರಿಸುತ್ತಿದ್ದರು. ಅವು ತುಂಬ ಇದ್ದರೆ ಬೆಳೆ ಚೆನ್ನಾಗಿ ಬರುತ್ತದೆ ಎಂಬುದು ಅವರ ಲೆಕ್ಕ. ತುಮಕೂರಿನಲ್ಲಿ ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಸಂಶೋಧನೆಗೆ ಕುಳಿತಾಗ ನಾನು ಆರಿಸಿಕೊಂಡದ್ದು ಆ ಗಂಟನ್ನೇ. ಒಳಗಿರುವ ಬ್ಯಾಕ್ಟೀರಿಯಾವನ್ನು ಹೊರತೆಗೆಯಬೇಕು, ಗಿಡದ ಜೀವಕೋಶದೊಳಗೆ ಅದು ಏನಾಗುತ್ತದೆ ಎಂದು ನೋಡಬೇಕು. ಕೆಲಸ ಇಷ್ಟೇ ಎಂದುಕೊಂಡಿದ್ದೆ.

ಹೂ ಬಿಟ್ಟ, ನಲವತ್ತೈದು ದಿನದ ಗಿಡಗಳನ್ನು ಮಣ್ಣಿನ ಹೆಂಟೆ ಸಮೇತ ಅಗೆದು, ಮಧುಗಿರಿ ಮಾರ್ಗದ ಬಸ್ಸಿನಲ್ಲಿ ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ತಂದೆ. ಎಳೆದು ಕಿತ್ತರೆ ಗಂಟುಗಳು ಮಣ್ಣಿನಲ್ಲೇ ಉಳಿದುಬಿಡುತ್ತವೆ. ಬ್ಲೇಡಿನಿಂದ ಒಂದನ್ನು ಸೀಳಿದಾಗ ಒಳಗೆ ದಾಳಿಂಬೆ ಕಾಳಿನ ಕೆಂಪು. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ದಾಯಾದಿಯಾದ ಲೆಗ್‌ಹಿಮೋಗ್ಲೋಬಿನ್ ಕೊಟ್ಟ ಬಣ್ಣ ಅದು. ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವ ಅಮೋನಿಯಾ ಮಾಡುವ, ಬ್ಯಾಕ್ಟೀರಿಯಾದೊಳಗಿನ ನೈಟ್ರೋಜಿನೇಸ್ ಎಂಬ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಅದು ಹಾಳು. ಬ್ಯಾಕ್ಟೀರಿಯಾಕ್ಕೋ ಉಸಿರಾಡಲು ಆಮ್ಲಜನಕವೇ ಬೇಕು. ಈ ಕೆಂಪು ಪ್ರೋಟೀನು ಆಮ್ಲಜನಕವನ್ನು ಹಿಡಿದಿಟ್ಟು ಚಿಟಿಕೆ ಚಿಟಿಕೆಯಾಗಿ ಬಡಿಸುತ್ತದೆ. ಒಳಗೆ ಹಸಿರು ಅಥವಾ ಕಂದು ಬಣ್ಣ ಕಂಡರೆ ಆ ಗಂಟಿಗೆ ವಯಸ್ಸಾಯಿತು, ಬಿಟ್ಟುಬಿಡುವುದು ಲೇಸು.

ಗಂಟಿನ ಹೊರಮೈಯನ್ನು ಆಲ್ಕೋಹಾಲಿನಲ್ಲಿ ಅರ್ಧ ನಿಮಿಷ, ಸೋಡಿಯಂ ಹೈಪೋಕ್ಲೋರೈಟಿನಲ್ಲಿ ಮೂರು ನಿಮಿಷ ಅದ್ದಿ, ಶುದ್ಧೀಕರಿಸಿದ ನೀರಿನಲ್ಲಿ ಆರು ಸಲ ತೊಳೆದೆ. ಗಾಜಿನ ಕಡ್ಡಿಯಿಂದ ಅರೆದು, ಕಾಂಗೋ ರೆಡ್ ಎಂಬ ಬಣ್ಣ ಬೆರೆಸಿದ ಯೀಸ್ಟ್–ಮ್ಯಾನಿಟಾಲ್ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮ) ತಟ್ಟೆಯ ಮೇಲೆ ಹರಡಿದೆ. ಗಂಟಿನ ಬ್ಯಾಕ್ಟೀರಿಯಾ ಈ ಕೆಂಪನ್ನು ಅಷ್ಟಾಗಿ ಹೀರುವುದಿಲ್ಲ, ಬೆಳ್ಳಗೆ ಕಾಣುತ್ತದೆ. ಎರಡನೆಯ ದಿನವೇ ಬಿಳಿಯ, ಲೋಳೆಯಂಥ ದೊಡ್ಡ ದೊಡ್ಡ ಬೊಟ್ಟುಗಳು ಎದ್ದವು. ಸಂತೋಷಕ್ಕೆ ಪಾರವಿರಲಿಲ್ಲ. ಅದನ್ನೇ ಆರಿಸಿ ಬೆಳೆಸಿ, ಕುದಿಸಿ ಶುದ್ಧ ಮಾಡಿದ ಮರಳಿನ ಕುಂಡದಲ್ಲಿ ಕಡಲೆಕಾಯಿ ಸಸಿಗಳಿಗೆ ಹಾಕಿದೆ. ಕೊಟ್ಟ ಪೋಷಕ ದ್ರವದಲ್ಲಿ ಸಾರಜನಕ ಒಂದನ್ನು ಬಿಟ್ಟು ಉಳಿದದ್ದೆಲ್ಲ ಇತ್ತು.

ನಲವತ್ತು ದಿನ ಕಾದು ಕಿತ್ತರೆ ಒಂದೇ ಒಂದು ಗಂಟಿಲ್ಲ. ಬ್ಯಾಕ್ಟೀರಿಯಾ ಹಾಕದ ಕುಂಡದ ಗಿಡಗಳ ಹಾಗೆಯೇ ಇವೂ ಹಳದಿ ತಿರುಗಿದ್ದವು. ಆ ದಿನದ ಸಂಕಟ ಇನ್ನೂ ಮರೆತಿಲ್ಲ.

ಗಂಟಿನೊಳಗೆ ಗಂಟು ಕಟ್ಟಿದ ಬ್ಯಾಕ್ಟೀರಿಯಾ ಒಂದೇ ಇರುವುದಿಲ್ಲ, ಬೇರೆ ಒಕ್ಕಲುಗಳೂ ಇರುತ್ತವೆ. ಅವು ತಟ್ಟೆಯ ಮೇಲೆ ಬೇಗ ಬೆಳೆದು ಮೆರೆಯುತ್ತವೆ. ಕಡಲೆಕಾಯಿಯ ನಿಜವಾದ ಜೊತೆಗಾರ ಬ್ರಾಡಿರೈಜೋಬಿಯಂ. ಅದರ ಹೆಸರಿನ ಮೊದಲ ಭಾಗಕ್ಕೇ ಗ್ರೀಕಿನಲ್ಲಿ ನಿಧಾನ ಎಂದರ್ಥ. ನಾನು ಹೆಸರನ್ನು ಓದಿದ್ದೆ, ಕಾದಿರಲಿಲ್ಲ. ಕೊನೆಯ ಸಲ ತೊಳೆದ ನೀರನ್ನೂ ಒಂದು ತಟ್ಟೆಗೆ ಹಾಕಿ, ಹೊರಮೈ ನಿಜಕ್ಕೂ ಶುದ್ಧವಾಗಿದೆಯೇ ಎಂದು ಪರೀಕ್ಷಿಸಿರಲಿಲ್ಲ.

ಮತ್ತೆ ಹೊಲಕ್ಕೆ ಹೋಗಿ ಮೊದಲಿನಿಂದ ಶುರು ಮಾಡಿದೆ. ಈ ಸಲ ತೊಳೆದ ನೀರಿನ ತಟ್ಟೆ ಖಾಲಿಯಾಗಿಯೇ ಉಳಿಯಿತು. ಬೇಗ ಬಂದ ಬೊಟ್ಟುಗಳನ್ನು ಮುಟ್ಟಲಿಲ್ಲ. ಏಳನೆಯ ದಿನ ಬೆಳಕಿಗೆ ಹಿಡಿದಾಗ ಗುಂಡುಸೂಜಿಯ ತಲೆಗಿಂತ ಚಿಕ್ಕದಾದ ಬಿಳಿ ಚುಕ್ಕೆಗಳು ಕಂಡವು. ಆಮ್ಲ, ಕ್ಷಾರಕ್ಕೆ ತಕ್ಕಂತೆ ಬಣ್ಣ ಬದಲಿಸುವ ಬ್ರೋಮೋಥೈಮಾಲ್ ಬ್ಲೂ ಇರುವ ತಟ್ಟೆಗೆ ವರ್ಗಾಯಿಸಿದಾಗ ಹಸಿರು ಮಾಧ್ಯಮ ನೀಲಿಯಾಯಿತು. ನಿಧಾನಗತಿಯ ಈ ಗುಂಪು ಕ್ಷಾರ ಬಿಡುತ್ತದೆ. ಗಂಟು ಕಟ್ಟುವ ಇನ್ನೊಂದು ಗುಂಪಾದ ವೇಗದ ರೈಜೋಬಿಯಂ ಆಮ್ಲ ಬಿಟ್ಟು ಹಳದಿ ಮಾಡುತ್ತದೆ. ಕುಂಡದ ಗಿಡಗಳು ಈ ಸಲ ಕಡುಹಸಿರು. ಗಂಟುಗಳೆಲ್ಲ ಕವಲುಬೇರು ಒಡೆಯುವ ಸಂದಿನಲ್ಲೇ ಕೂತಿದ್ದವು. ಬೇರುರೋಮ ಕೊಕ್ಕೆಯಂತೆ ಬಾಗಿ ಬ್ಯಾಕ್ಟೀರಿಯಾವನ್ನು ಹಿಡಿಯುವ ಚಿತ್ರ ಎಲ್ಲ ಪಠ್ಯಗಳಲ್ಲಿದೆ. ಅದು ಬಟಾಣಿಯಂಥ ಗಿಡಗಳ ದಾರಿ. ಕಡಲೆಕಾಯಿಯಲ್ಲಿ ಕವಲುಬೇರು ಹೊರಬರುವಾಗ ಬಿಡುವ ಬಿರುಕೇ ಬಾಗಿಲು.

ನನ್ನನ್ನು ಇಂದಿಗೂ ಹಿಡಿದಿಟ್ಟಿರುವುದು ಆಮೇಲೆ ಕಂಡದ್ದು. ಇದೇ ಬ್ಯಾಕ್ಟೀರಿಯಾವನ್ನು ಅಲಸಂದೆಗೂ ಹಾಕಿದೆ. ಅಲ್ಲಿಯೂ ಗಂಟು ಕಟ್ಟಿತು. ಎರಡೂ ಗಿಡದ ಗಂಟುಗಳನ್ನು ಮ್ಯಾನಿಟಾಲ್ ದ್ರಾವಣದಲ್ಲಿ ಮೆಲ್ಲಗೆ ಅರೆದೆ. ಬರಿಯ ನೀರಿನಲ್ಲಿ ಅರೆದರೆ ಒಳಗಿನ ಕೋಶಗಳು ಉಬ್ಬಿ ಒಡೆಯಬಹುದು. ಬಣ್ಣ ಹಾಕಿ ಸೂಕ್ಷ್ಮದರ್ಶಕದ ಎಣ್ಣೆ ಮಸೂರದಡಿ ನೋಡಿದರೆ ಅಲಸಂದೆಯಲ್ಲಿ ತಟ್ಟೆಯ ಮೇಲಿದ್ದಂತೆಯೇ ಸಣ್ಣ ಕಡ್ಡಿಗಳು. ಕಡಲೆಕಾಯಿಯಲ್ಲಿ ಗುಂಡಗೆ ಊದಿಕೊಂಡ ರಾಗಿ ಕಾಳಿನಂಥ ಆಕಾರಗಳು. ಬ್ಯಾಕ್ಟೀರಿಯಾ ಒಂದೇ, ಮನೆ ಎರಡು, ರೂಪ ಎರಡು. ಇದು ಹೊಸ ಶೋಧವಲ್ಲ. 2010ರಲ್ಲಿ ಅಮೆರಿಕದ ಸಂಶೋಧಕರು ಇವೇ ಎರಡು ಗಿಡಗಳಲ್ಲಿ ಒಂದೇ ತಳಿಯನ್ನು ಹೋಲಿಸಿ, ಊದಿದ ರೂಪವೇ ಸಾರಜನಕ ಸ್ಥಿರೀಕರಣದಲ್ಲಿ, ಅಂದರೆ ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡುವುದರಲ್ಲಿ, ಹೆಚ್ಚು ದಕ್ಷ ಎಂದು ತೋರಿಸಿದ್ದರು. ಆದರೂ ಓದಿದ್ದು ಬೇರೆ, ನಮ್ಮ ಹೊಲದ ಅಕ್ಕಡಿ ಸಾಲಿನ ಎರಡು ಬೆಳೆಗಳಲ್ಲಿ ಕಣ್ಣಾರೆ ಕಂಡದ್ದು ಬೇರೆ.

ರೂಪ ಬದಲಿಸುವುದು ಗಿಡ. ಬಟಾಣಿಯ ಬಳಗದ ಮೆಡಿಕಾಗೊ ಎಂಬ ಗಿಡ ಸಿಸ್ಟೀನ್ ಎಂಬ ಅಮೈನೋ ಆಮ್ಲ ಹೆಚ್ಚಿರುವ ಪೆಪ್ಟೈಡುಗಳೆಂಬ ಪುಟ್ಟ ಪ್ರೋಟೀನುಗಳನ್ನು ಬ್ಯಾಕ್ಟೀರಿಯಾದೊಳಕ್ಕೆ ಕಳಿಸಿ, ಅದರ ವಿಭಜನೆ ನಿಲ್ಲಿಸಿ, ಕೋಶವನ್ನು ಹಿಗ್ಗಿಸುತ್ತದೆ. ಕಡಲೆಕಾಯಿಯ ಹತ್ತಿರದ ಬಂಧುವಾದ ಈಸ್ಕಿನಾಮಿನಿ ಗಿಡದಲ್ಲಿಯೂ ಅಂಥವೇ ಪೆಪ್ಟೈಡುಗಳು 2015ರಲ್ಲಿ ವರದಿಯಾಗಿವೆ. ಕಡಲೆಕಾಯಿ ಗಂಟು ಬೆಳೆಯುತ್ತಾ ಹೋದಂತೆ ಇಂಥ ಯಾವ ಜೀನುಗಳು ಯಾವ ದಿನ ಎಚ್ಚರಗೊಳ್ಳುತ್ತವೆ ಎಂಬುದೇ ಈಗಿನ ನನ್ನ ಕೆಲಸ. ಜೀನು ಎಚ್ಚರಗೊಂಡದ್ದು ಅದರ ನಕಲಾದ ಆರ್‌ಎನ್‌ಎಯಿಂದ ತಿಳಿಯುತ್ತದೆ. ಆರ್‌ಎನ್‌ಎ ಬಹುಬೇಗ ಒಡೆದು ಹಾಳಾಗುತ್ತದೆ, ಹಾಗಾಗಿ ಬಸ್ಸಿನ ಡಬ್ಬಿ ಸಾಲದು. ಈ ಮುಂಗಾರಿನಲ್ಲಿ ಗಂಟನ್ನು ತಕ್ಷಣ ಹೆಪ್ಪುಗಟ್ಟಿಸುವ ದ್ರವ ಸಾರಜನಕದ ಕ್ಯಾನನ್ನು ಹೊಲದ ಬದುವಿಗೇ ಒಯ್ದಿದ್ದೇನೆ. ಅಮ್ಮ ಗಿಡ ಅಗೆದು ಮಣ್ಣು ಕೊಡವಿ ಕೊಡುತ್ತಾರೆ, ನಾನು ಗಂಟು ಬಿಡಿಸಿ ಅದರಲ್ಲಿ ಮುಳುಗಿಸುತ್ತೇನೆ.