ಹೋದ ಊರಿನಲ್ಲಿ ಅರ್ಧ ದಿನದ ಕಲಿಕೆ: ಕಾರ್ಯಾಗಾರವನ್ನು ಆರಿಸಿಕೊಳ್ಳುವುದು ಹೇಗೆ?

ಪ್ರವಾಸಕ್ಕೆ ಹೋದವರು ಅರ್ಧ ದಿನ ಬಿಡುವು ಮಾಡಿಕೊಂಡು ಕುಂಬಾರಿಕೆ, ಬಟ್ಟೆಗೆ ಬಣ್ಣ ಕಟ್ಟುವುದು, ಅಡುಗೆ, ನೇಯ್ಗೆ, ಬೆಳ್ಳಿಯ ಉಂಗುರ ಮಾಡುವುದು ಮುಂತಾದ ಯಾವುದಾದರೊಂದು ಕಿರು ತರಗತಿಗೆ ಸೇರುವುದು ಈಚೆಗೆ ಹೆಚ್ಚಾಗಿದೆ. ತರಗತಿಗಳನ್ನು ಹುಡುಕುವುದು ಕಷ್ಟವಲ್ಲ, ಯಾವ ನಗರದಲ್ಲಾದರೂ ಹತ್ತಾರು ಸಿಗುತ್ತವೆ. ನಮ್ಮ ಕೈಯಲ್ಲಿರುವ ದಿನಗಳಿಗೆ ಹೊಂದುವ ತರಗತಿಯನ್ನು ಆರಿಸಿಕೊಳ್ಳುವಾಗ ಮಾತ್ರ ಬಹಳ ಜನ ಎಡವುತ್ತಾರೆ. ನಾನೂ ಎಡವಿದ್ದೇನೆ. ವಿಮಾನ ಹಿಡಿಯಬೇಕಾದ ದಿನದ ಬೆಳಿಗ್ಗೆ ತಿಗರಿಯ ಮುಂದೆ ಕುಳಿತು, ಎರಡು ಗಂಟೆ ಹೆಣಗಿ, ಅಂತೂ ಒಂದು ಬಟ್ಟಲನ್ನು ಎಬ್ಬಿಸಿದ ಮೇಲೆ, ಅದು ಒಣಗಿ ಸುಟ್ಟು ಕೈಗೆ ಬರಲು ಮೂರು ವಾರ ಬೇಕೆಂದು ಕಲಿಸುವವರು ಹೇಳಿದರು. ಬಟ್ಟಲು ಅಲ್ಲಿಯೇ ಉಳಿಯಿತು.

ಆದ್ದರಿಂದ ಮೊದಲ ಹೆಜ್ಜೆ, ಊರು ಬಿಡುವ ದಿನದಿಂದ ಹಿಂದಕ್ಕೆ ಎಣಿಸುವುದು. ಪ್ರತಿಯೊಂದು ಕಸುಬಿಗೂ ಅದರದೇ ಆದ ಹದವಿರುತ್ತದೆ, ಆ ಹದಕ್ಕೆ ಬೇಕಾದ ಹೊತ್ತನ್ನು ದುಡ್ಡು ಕೊಟ್ಟು ಕಡಿಮೆ ಮಾಡಿಸಲು ಆಗುವುದಿಲ್ಲ. ಮಣ್ಣಿನ ಕೆಲಸವನ್ನೇ ನೋಡಿ. ತಿಗರಿಯಿಂದ ಇಳಿಸಿದ ಹಸಿ ಪಾತ್ರೆಯು ಉಗುರು ಊರುವಷ್ಟು ಗಟ್ಟಿಯಾದ ಮೇಲೆಯೇ ಅದರ ತಳವನ್ನು ಹೆರೆದು ಹಿಡಿಕೆ ಕೂರಿಸಬಹುದು, ಅದಕ್ಕೆ ಸಾಮಾನ್ಯವಾಗಿ ಒಂದು ದಿನ ಹಿಡಿಯುತ್ತದೆ. ಅನಂತರ ಅದು ಪೂರ್ತಿ ಒಣಗಬೇಕು. ತೇವ ಉಳಿದ ಪಾತ್ರೆಯನ್ನು ಆವಿಗೆಗೆ, ಅಂದರೆ ಪಾತ್ರೆ ಸುಡುವ ಗೂಡಿಗೆ, ಇಟ್ಟರೆ ಒಳಗಿನ ನೀರು ಆವಿಯಾಗಿ ಉಬ್ಬಿ, ಪಾತ್ರೆ ಸಿಡಿದು, ಪಕ್ಕದವರ ಪಾತ್ರೆಗಳನ್ನೂ ಹಾಳುಮಾಡುತ್ತದೆ. ಮೊದಲ ಸುಡುವಿಕೆ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಗುತ್ತದೆ. ಬಳಿಕ ಗಾಜಿನಂಥ ಹೊಳಪು ಕೊಡುವ ಗ್ಲೇಜ್ ಲೇಪವನ್ನು ಬಳಿದು ಇನ್ನೊಮ್ಮೆ ಸುಡುತ್ತಾರೆ, ಗಟ್ಟಿ ಜಾತಿಯ ಮಣ್ಣಾದರೆ ಈ ಎರಡನೆಯ ಸುಡುವಿಕೆ 1200 ಡಿಗ್ರಿಯನ್ನು ದಾಟುತ್ತದೆ. ಜೊತೆಗೆ, ಆವಿಗೆ ತುಂಬುವಷ್ಟು ಪಾತ್ರೆಗಳು ಸೇರುವವರೆಗೆ ಯಾರೂ ಬೆಂಕಿ ಹಚ್ಚುವುದಿಲ್ಲ. ಇಷ್ಟೆಲ್ಲ ಆಗುವಷ್ಟರಲ್ಲಿ ಪಾತ್ರೆ ಹತ್ತರಲ್ಲಿ ಒಂದು ಪಾಲಿನಷ್ಟು ಕುಗ್ಗಿರುತ್ತದೆ, ಕೆಲವು ಮಣ್ಣಿನಲ್ಲಿ ಇನ್ನೂ ಹೆಚ್ಚು. ಕಾಫಿ ಲೋಟ ಬೇಕೆಂದವರು ಸ್ವಲ್ಪ ದೊಡ್ಡದಾಗಿಯೇ ಮಾಡಬೇಕು.

ಗಾಜಿನ ಕೆಲಸಕ್ಕೆ ಅಷ್ಟು ದಿನ ಬೇಕಿಲ್ಲವಾದರೂ ಒಂದು ರಾತ್ರಿಯಂತೂ ಬೇಕು. ಸುಮಾರು 1100 ಡಿಗ್ರಿಯ ಕುಲುಮೆಯಿಂದ ತೆಗೆದು ಊದಿದ ಗಾಜನ್ನು ಹಾಗೆಯೇ ಹೊರಗಿಟ್ಟರೆ, ಮೇಲ್ಮೈ ಬೇಗ ತಣಿದು ಒಳಭಾಗ ಬಿಸಿಯಾಗಿಯೇ ಉಳಿದು, ಆ ಸೆಳೆತಕ್ಕೆ ಗಾಜು ಸೀಳುತ್ತದೆ. ಹಾಗಾಗಿ ಅದನ್ನು ಸುಮಾರು 500 ಡಿಗ್ರಿಯ ಬೇರೊಂದು ಒಲೆಯಲ್ಲಿಟ್ಟು ರಾತ್ರಿಯಿಡೀ ನಿಧಾನವಾಗಿ ತಣಿಸುತ್ತಾರೆ. ಗಾಜಿನ ತರಗತಿಯನ್ನು ಹೊರಡುವ ಹಿಂದಿನ ದಿನದ ಸಂಜೆಗೆ ಇಟ್ಟುಕೊಂಡವರು ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತನ್ನು ಮೊದಲೇ ಕೇಳಿಟ್ಟುಕೊಳ್ಳಲಿ.

ಅಂದೇ ಕೈಗೆ ಬರುವ ಕೆಲಸಗಳೂ ಇವೆ. ಬೆಳ್ಳಿಯ ಉಂಗುರಕ್ಕೆ ಎರಡು ಮೂರು ಗಂಟೆ ಸಾಕು. ಸಾಮಾನ್ಯವಾಗಿ ಕೊಡುವುದು ನೂರಕ್ಕೆ 92.5 ಪಾಲು ಬೆಳ್ಳಿ, ಉಳಿದದ್ದು ಬಹುಪಾಲು ತಾಮ್ರ ಇರುವ ಲೋಹವನ್ನು. ಬಡಿದಷ್ಟೂ ಅದು ಬಿರುಸಾಗುತ್ತದೆ, ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ. ಬಡಿಯುವುದು, ಕಾಯಿಸುವುದು, ಮತ್ತೆ ಬಡಿಯುವುದು, ಕೊನೆಗೆ ಬೆಸುಗೆ, ಉಜ್ಜುವಿಕೆ: ಅಷ್ಟರಲ್ಲಿ ಕೆಲಸ ಮುಗಿಯುತ್ತದೆ.

ಆದರೆ ಹೊಸಬರಿಗೆ ನಾನು ಮೊದಲು ಹೇಳುವುದು ಬಟ್ಟೆಗೆ ನೀಲಿ (ಇಂಡಿಗೊ) ಬಣ್ಣ ಕಟ್ಟುವ ತರಗತಿಯನ್ನೇ. ನೀಲಿ ನೇರವಾಗಿ ನೀರಿನಲ್ಲಿ ಕರಗುವುದಿಲ್ಲ. ಕ್ಷಾರವಿರುವ, ಆಮ್ಲಜನಕವನ್ನು ಕಳೆದುಕೊಂಡ ತೊಟ್ಟಿಯಲ್ಲಿ ಅದು ರೂಪ ಬದಲಿಸಿ ಕರಗಿದ ಮೇಲೆಯೇ ನೂಲಿನೊಳಗೆ ಇಳಿಯುತ್ತದೆ. ಬಟ್ಟೆಯನ್ನು ಮೊದಲು ನೀರಿನಲ್ಲಿ ನೆನೆಸಿ ಹಿಂಡಿ, ಗುಳ್ಳೆ ಏಳದಂತೆ ಮೆಲ್ಲಗೆ ತೊಟ್ಟಿಗೆ ಇಳಿಸಬೇಕು. ಮೇಲೆತ್ತಿದಾಗ ಅದು ಹಳದಿ ಬೆರೆತ ಹಸಿರಾಗಿರುತ್ತದೆ. ಏನೋ ತಪ್ಪಾಯಿತು ಎಂದು ಪಕ್ಕದವರ ಮುಖ ನೋಡುವಷ್ಟರಲ್ಲಿ ಗಾಳಿ ತಗಲಿದ ಅಂಚುಗಳು ನೀಲಿಗೆ ತಿರುಗುತ್ತವೆ, ಕೆಲವು ನಿಮಿಷಗಳಲ್ಲಿ ಹಸಿರು ಮಡಿಕೆಗಳ ಒಳಗೆ ಮಾತ್ರ ಉಳಿಯುತ್ತದೆ, ಮಡಿಕೆ ಬಿಚ್ಚಿದರೆ ಅಲ್ಲಿಯೂ ಕಣ್ಣೆದುರೇ ಮಾಯವಾಗುತ್ತದೆ. ಬಣ್ಣ ಗಾಢವಾಗಬೇಕಾದರೆ ಮತ್ತೆ ಮತ್ತೆ ಅದ್ದಬೇಕು. ಹತ್ತಿ, ರೇಷ್ಮೆ, ಉಣ್ಣೆ ಈ ಬಣ್ಣವನ್ನು ಹಿಡಿಯುತ್ತವೆ, ಪಾಲಿಯೆಸ್ಟರ್ ಹಿಡಿಯುವುದಿಲ್ಲ. ಮನೆಯಿಂದ ಬಟ್ಟೆ ಒಯ್ಯುವವರು ಅದರ ಒಳಗಿನ ಚೀಟಿಯನ್ನು ಓದಿ ಒಯ್ಯಬೇಕು. ಉಗುರಿನ ನೀಲಿ ನಾಲ್ಕಾರು ದಿನ ಹೋಗುವುದಿಲ್ಲ, ಮದುವೆಗೆಂದೇ ಆ ಊರಿಗೆ ಹೋದವರು ಕೈಗವಸು ಕೇಳಿ ಪಡೆಯುವುದು ಒಳ್ಳೆಯದು.

ದಿನಗಳ ಲೆಕ್ಕ ಮುಗಿದ ಮೇಲೆ ಎರಡನೆಯ ಹೆಜ್ಜೆ, ಕಾದಿರಿಸುವ ಮುನ್ನ ನಾಲ್ಕಾರು ಪ್ರಶ್ನೆಗಳನ್ನು ಕೇಳುವುದು. ಒಬ್ಬರು ಎಷ್ಟು ಜನರಿಗೆ ಕಲಿಸುತ್ತಾರೆ ಎನ್ನುವುದಕ್ಕಿಂತಲೂ, ಎರಡು ಗಂಟೆಯಲ್ಲಿ ನನ್ನ ಕೈ ಎಷ್ಟು ಹೊತ್ತು ಕೆಲಸದ ಮೇಲಿರುತ್ತದೆ ಎಂಬ ಪ್ರಶ್ನೆಯೇ ಮುಖ್ಯ. ಹನ್ನೆರಡು ಜನರಿಗೆ ನಾಲ್ಕು ತಿಗರಿಗಳಿದ್ದರೆ ಎರಡು ಗಂಟೆಯ ತರಗತಿಯಲ್ಲಿ ಪ್ರತಿಯೊಬ್ಬರಿಗೂ ಸಿಗುವುದು ನಲವತ್ತು ನಿಮಿಷ, ಅದರಲ್ಲಿ ಹೇಳಿಕೊಡುವ ಹೊತ್ತೂ ಸೇರಿದೆ. ಮಣ್ಣಿನ ಮುದ್ದೆಯನ್ನು ತಿಗರಿಯ ನಡುವಿಗೆ ತರುವುದಕ್ಕೇ ಹೊಸಬರಿಗೆ ಅದರ ಅರ್ಧ ಬೇಕು. ಮುದ್ದೆ ಒಂದು ಕೂದಲೆಳೆ ಪಕ್ಕಕ್ಕಿದ್ದರೂ ಅಂಗೈಗೆ ಬಡಿಯುತ್ತಿರುತ್ತದೆ, ಮೊಣಕೈಯನ್ನು ತೊಡೆಗೆ ಊರಿ ಕೈಯನ್ನು ಅಲುಗದಂತೆ ಹಿಡಿದಾಗ ಆ ಬಡಿತ ಇದ್ದಕ್ಕಿದ್ದಂತೆ ನಿಂತು, ಮಣ್ಣು ತಿರುಗುತ್ತಲೇ ಇಲ್ಲವೇನೋ ಎಂಬಂತೆ ತೋರುತ್ತದೆ. ಅಲ್ಲಿಗೆ ತಲಪುವ ಮೊದಲೇ ಸರದಿ ಮುಗಿದರೆ ಕಲಿಸುವವರೇ ಬಂದು ಪಾತ್ರೆಯನ್ನು ಎತ್ತಿಕೊಡುತ್ತಾರೆ. ಫೋಟೊ ಚೆನ್ನಾಗಿ ಬರುತ್ತದೆ, ನೀವು ಕಲಿತದ್ದು ಕಡಿಮೆ.

ಇದೇ ಪ್ರಶ್ನೆ ಅಡುಗೆ ತರಗತಿಗೂ ಹೊಂದುತ್ತದೆ. ಪ್ರತಿಯೊಬ್ಬರಿಗೂ ಒಲೆಯಿದೆಯೇ, ಇಲ್ಲವೇ ಒಬ್ಬರು ಮಾಡುವುದನ್ನು ಉಳಿದವರು ಸುತ್ತ ನಿಂತು ನೋಡಬೇಕೇ ಎಂದು ಕೇಳಿ. ತಿನ್ನಬಾರದ ಪದಾರ್ಥವಿದ್ದರೆ ಕಾದಿರಿಸುವಾಗಲೇ ತಿಳಿಸಬೇಕು, ಅಂದು ಬೆಳಿಗ್ಗೆ ಹೇಳಿದರೆ ಅವರು ಆಗಲೇ ಸಂತೆ ಮುಗಿಸಿರುತ್ತಾರೆ. ನೇಯ್ಗೆಯಲ್ಲಿ ಹಾಸು, ಅಂದರೆ ಉದ್ದನೆಯ ನೂಲುಗಳನ್ನು, ಹೂಡುವುದೇ ದೊಡ್ಡ ಕೆಲಸವಾದ್ದರಿಂದ, ಪ್ರವಾಸಿಗರಿಗೆ ಹಾಸು ಹೂಡಿಟ್ಟ ಮಗ್ಗವನ್ನೇ ಕೊಡುತ್ತಾರೆ. ಇದು ಮೋಸವೇನಲ್ಲ, ಹೊಕ್ಕು, ಅಂದರೆ ಅಡ್ಡ ನೂಲು, ಹಾಯಿಸಿ ಅಂಗೈ ಅಗಲದ ಪಟ್ಟಿಯೊಂದನ್ನು ನೇಯ್ದರೂ ಮಗ್ಗದ ಲಯ ಗೊತ್ತಾಗುತ್ತದೆ. ಮಕ್ಕಳ ವಯಸ್ಸಿನ ಮಿತಿ, ಭಾಷೆ, ರದ್ದು ಮಾಡಿದರೆ ಹಣ ಮರಳುವ ನಿಯಮ ಇವನ್ನೂ ಇದೇ ಮಾತಿನಲ್ಲಿ ಕೇಳಿ ಮುಗಿಸಬಹುದು.

ಮೂರನೆಯದು, ತರಗತಿಯ ದಿನದ ಸಿದ್ಧತೆ. ಉಗುರು ಕತ್ತರಿಸಿಕೊಳ್ಳಿ, ಉಂಗುರ ಮತ್ತು ಗಡಿಯಾರವನ್ನು ಕೋಣೆಯಲ್ಲಿಯೇ ಬಿಡಿ. ಕುಲುಮೆಯ ಹತ್ತಿರ ಹೋಗುವವರು ಹತ್ತಿ ಬಟ್ಟೆ ಮತ್ತು ಮುಚ್ಚಿದ ಚಪ್ಪಲಿ ತೊಡಬೇಕು, ಏಕೆಂದರೆ ನೈಲಾನಿನಂಥ ಬಟ್ಟೆ ಬಿಸಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಸುಗಂಧ ಬೆರೆಸುವ ತರಗತಿಗೆ ಯಾವ ಅತ್ತರನ್ನೂ ಪೂಸಿಕೊಳ್ಳದೆ ಹೋಗಬೇಕು. ಅಲ್ಲಿ ಇನ್ನೊಂದು ಎಚ್ಚರವಿದೆ: ಸುಗಂಧದಲ್ಲಿ ಅದ್ದಿದ ಕಾಗದದ ಪಟ್ಟಿಯಿಂದ ಮೊದಲು ಏಳುವ ವಾಸನೆ ಬೇಗ ಹಾರಿಹೋಗುತ್ತದೆ, ಗಂಟೆಗಟ್ಟಲೆ ಉಳಿಯುವುದು ತಳದ ವಾಸನೆ. ಮೊದಲ ಉಸಿರಿಗೇ ಮನಸೋತು ಆರಿಸಿದರೆ ಸಂಜೆ ಬೇರೆಯವರ ಬಾಟಲಿಯನ್ನು ತಂದಂತೆ ಅನಿಸುತ್ತದೆ.

ನಾಲ್ಕನೆಯದಾಗಿ, ಮಾಡಿದ್ದನ್ನು ಮನೆಗೆ ತರುವ ಬಗೆ. ವಿಮಾನದಲ್ಲಿ ಕೈಚೀಲದೊಳಗಿನ ದ್ರವದ ಬಾಟಲಿಗೆ ಬಹುತೇಕ ಕಡೆ 100 ಮಿಲಿಲೀಟರಿನ ಮಿತಿಯಿದೆ. ಉಳಿ, ಚಾಕುಗಳನ್ನು ಚೆಕ್‌-ಇನ್ ಪೆಟ್ಟಿಗೆಯಲ್ಲಿಡಬೇಕು. ಪಾತ್ರೆಯಾದರೆ ಹೊರಗೆ ಸುತ್ತುವುದಕ್ಕಿಂತ ಮೊದಲು ಒಳಗೆ ಬಟ್ಟೆ ತುಂಬಿ, ಅಂಚು ಒಡೆಯುವುದು ಹೆಚ್ಚಾಗಿ ಒಳಗೆ ಆಸರೆ ಇಲ್ಲದಿದ್ದಾಗ. ಸುಡದ ಮಣ್ಣಿನ ಪಾತ್ರೆಯನ್ನು ತರುವ ಸಾಹಸ ಮಾತ್ರ ಬೇಡ, ಅದು ಪೆಟ್ಟಿಗೆಯೊಳಗೆ ಮತ್ತೆ ಮಣ್ಣಾಗುತ್ತದೆ. ಅಂಚೆಯಲ್ಲಿ ಕಳಿಸುತ್ತಾರೆ ಎಂದಾದರೆ ದಾರಿಯಲ್ಲಿ ಒಡೆದರೆ ಹೊಣೆ ಯಾರದು ಎಂಬುದನ್ನು ಬರೆಸಿಕೊಳ್ಳಿ.

ಇನ್ನು ಪ್ರವಾಸದ ಕೊನೆಯ ದಿನವೇ ಬಿಡುವಿದ್ದರೆ ಕುಣಿತ, ಡೋಲು, ಹಾಡುಗಾರಿಕೆಯಂಥ ತರಗತಿಗಳನ್ನು ಹುಡುಕಿ. ಒಣಗಿಸುವ, ಸುಡುವ, ಕಟ್ಟಿ ಹೊರುವ ಯಾವ ಕೆಲಸವೂ ಅಲ್ಲಿಲ್ಲ. ಮರುದಿನ ವಿಮಾನದ ಸೀಟಿನಲ್ಲಿ ಕುಳಿತಾಗ ಮೀನಖಂಡ ಒಂದಿಷ್ಟು ನೋಯಬಹುದು, ಅಷ್ಟೇ.