ಲೋನ್‌ಗೆ ಹೋದ ಹುಡುಗರ ಲೆಕ್ಕ: ಗೋಲು ಬಿಟ್ಟು ನಿಮಿಷ ಹಿಡಿದೆ

ಲಂಡನ್ನಿನ ಫುಟ್‌ಬಾಲ್ ಕ್ಲಬ್ ಆರ್ಸೆನಲ್‌ನ ಅಭಿಮಾನಿಗಳ ನಮ್ಮ ಗುಂಪಿನಲ್ಲಿ ನನಗೆ ಶಾನುಭೋಗ ಅಂತ ಹೆಸರು. ಬೆಂಗಳೂರಿನಲ್ಲಿ ಕೂತು ಲಂಡನ್ನಿನ ಹುಡುಗರ ಲೆಕ್ಕ ಬರೆಯುತ್ತೇನೆ ಅಂತ ಗೇಲಿಗೆ ಇಟ್ಟಿದ್ದು. ಈಗ ಕ್ಲಬ್ಬುಗಳು ಆಟಗಾರರನ್ನು ಕೊಳ್ಳುವ, ಮಾರುವ ಜನವರಿ ಅಥವಾ ಆಗಸ್ಟ್ ಬಂದರೆ ಅದೇ ಜನ ಫೋನ್ ಮಾಡುತ್ತಾರೆ. "ಶಾನುಭೋಗ್ರೇ, ಈ ಹುಡುಗನ್ನ ಇಟ್ಕೋತಾರಾ, ಮಾರ್ತಾರಾ?" ಅದಕ್ಕೇ ಒಂದು ಸಲ ಎಲ್ಲಾ ಬರೆದುಬಿಡೋಣ ಅನ್ನಿಸಿತು. ಹೊಸಬರಿಗೆ ಇಷ್ಟು ಸಾಕು: ಲೋನ್ ಅಂದರೆ ಕ್ಲಬ್ ತನ್ನ ಹುಡುಗನನ್ನು ಸ್ವಲ್ಪ ಕಾಲ ಬೇರೆ ಕ್ಲಬ್ಬಿಗೆ ಆಡಲು ಕಳಿಸುವುದು, ಪಿಎಲ್2 ಅಂದರೆ ಕ್ಲಬ್ಬುಗಳ ಅಂಡರ್-21 ತಂಡಗಳ ಲೀಗ್. 

ಶುರುವಿನಲ್ಲಿ ನಾನೂ ಎಲ್ಲರ ಹಾಗೆ ಕ್ಲಿಪ್ ನೋಡುತ್ತಿದ್ದೆ. 2019ರಲ್ಲಿ ನಮ್ಮ ಸ್ಟ್ರೈಕರ್ ಎಡ್ಡಿ ಎನ್ಕೆಟಿಯಾ ಲೀಡ್ಸ್‌ಗೆ ಲೋನ್ ಹೋದ. ಬೆಂಚಿನಿಂದ ಇಳಿದ, ಗೋಲು ಹೊಡೆದ, ಕ್ಲಿಪ್ ಬಂತು. ನಮ್ಮ ಗುಂಪಿನಲ್ಲಿ ಹಬ್ಬ. ಆದರೆ ಲೀಗ್‌ನಲ್ಲಿ ಅವನು ಬಹುತೇಕ ಕೊನೆಯ ಹದಿನೈದಿಪ್ಪತ್ತು ನಿಮಿಷದವನಾಗಿಯೇ ಉಳಿದ. ಲೀಡ್ಸ್ ಕೋಚ್ ಬಿಯೆಲ್ಸಾ ತಮ್ಮ ಸ್ಟ್ರೈಕರ್ ಬ್ಯಾಮ್ಫರ್ಡ್‌ನನ್ನು ಬಿಟ್ಟುಕೊಡಲೇ ಇಲ್ಲ. ಜನವರಿ 2020ಕ್ಕೆ ಆರ್ಸೆನಲ್ ಹುಡುಗನನ್ನು ವಾಪಸ್ ಕರೆಸಿಕೊಂಡಿತು. ಕ್ಲಿಪ್ ನೋಡಿದವರಿಗೆ ಯಾಕೆ ಅಂತ ಅರ್ಥವಾಗಲಿಲ್ಲ. ನಿಮಿಷ ಎಣಿಸಿದ್ದರೆ ನವೆಂಬರ್‌ನಲ್ಲೇ ಗೊತ್ತಾಗುತ್ತಿತ್ತು.

ಅದೇ ಜನವರಿಯಲ್ಲಿ ಎಮಿಲ್ ಸ್ಮಿತ್ ರೋ ಹಡರ್ಸ್‌ಫೀಲ್ಡ್‌ಗೆ ಹೋದ. ಅವನದು ಉಲ್ಟಾ ಕಥೆ. ಕ್ಲಿಪ್‌ಗೆ ಸಿಗುವಂಥದ್ದು ಏನೂ ಇಲ್ಲ. ತಂಡ ಕೆಳಗಿನ ಡಿವಿಷನ್‌ಗೆ ಬೀಳುವ ಅಂಚಿನಲ್ಲಿತ್ತು. ಅಂಥ ತಂಡದ ಕೋಚ್ 19 ವರ್ಷದ, ಬೇರೆ ಕ್ಲಬ್ಬಿನ ಹುಡುಗನನ್ನು ವಾರ ವಾರ ಆಡಿಸುತ್ತಾನೆ ಅಂದರೆ ಸುಮ್ನೆ ಅಲ್ಲ. ಕೋಚ್‌ನ ಕೆಲಸ ಉಳಿಯುವುದು ಆ ಹುಡುಗನ ಕಾಲಿನ ಮೇಲೆ. ಜುಲೈ 2020ರಲ್ಲಿ, ಕೋವಿಡ್‌ನಿಂದ ಖಾಲಿ ಬಿದ್ದ ಸ್ಟೇಡಿಯಂನಲ್ಲಿ, ಲೀಡ್ಸ್‌ಗೆ ಪೈಪೋಟಿಯಾಗಿದ್ದ ವೆಸ್ಟ್ ಬ್ರಾಮ್ ವಿರುದ್ಧ ಕೊನೆಗಳಿಗೆಯಲ್ಲಿ ಸ್ಮಿತ್ ರೋ ಗೆಲುವಿನ ಗೋಲು ಹೊಡೆದ. ಆ ಫಲಿತಾಂಶದಿಂದಲೇ ಅತ್ತ ಲೀಡ್ಸ್ 16 ವರ್ಷದ ಮೇಲೆ ಪ್ರೀಮಿಯರ್ ಲೀಗ್‌ಗೆ ಹೋಯಿತು. ಅದೇ ವರ್ಷ ಡಿಸೆಂಬರ್ 26ಕ್ಕೆ ಚೆಲ್ಸಿಯನ್ನು 3-1ರಿಂದ ಸೋಲಿಸಿದ ಆರ್ಸೆನಲ್ ತಂಡದಲ್ಲಿ ಅವನಿದ್ದ. ಆವತ್ತೇ ಗೋಲಿನ ಕಾಲಂ ಅಳಿಸಿ ಹೊಸ ಶೀಟ್ ತೆರೆದೆ.

ಶೀಟ್ ಸರಳ. ಒಬ್ಬ ಹುಡುಗನಿಗೆ ಒಂದು ಟ್ಯಾಬ್. ಮೊದಲ ಲೆಕ್ಕ ನಿಮಿಷದ ಪಾಲು. ಆಡಲು ಫಿಟ್ ಆಗಿದ್ದ ಪಂದ್ಯಗಳ ಒಟ್ಟು ನಿಮಿಷದಲ್ಲಿ ಅವನು ಎಷ್ಟು ಆಡಿದ ಅನ್ನುವುದು. ಗಾಯ, ಸಸ್ಪೆನ್ಷನ್, ದೇಶದ ತಂಡದ ಕರೆ, ಇವನ್ನೆಲ್ಲ ಕಳೆಯಲೇಬೇಕು, ಇಲ್ಲದಿದ್ದರೆ ಪಾಲು ಸುಳ್ಳು ಹೇಳುತ್ತದೆ. ನನ್ನ ಅಂದಾಜಿನಲ್ಲಿ ಶೇಕಡಾ 60ರ ಮೇಲಿದ್ದರೆ ಹುಡುಗ ಗಟ್ಟಿ. 40ರ ಕೆಳಗೆ ಇಳಿದು ಆರು ವಾರ ಅಲ್ಲೇ ನಿಂತರೆ ಜನವರಿಯಲ್ಲಿ ವಾಪಸ್ ಅಂತ ಬರೆದಿಟ್ಟುಕೊಳ್ಳಿ.

ಎರಡನೆಯದು ನನ್ನದೇ ಐಡಿಯಾ, ಇದನ್ನು ಬೇರೆ ಯಾರೂ ಮಾಡಿದ್ದು ನಾನು ನೋಡಿಲ್ಲ. ತಂಡ ಒಂದೇ ಗೋಲಿನಿಂದ ಮುಂದಿದೆ, 75 ನಿಮಿಷ ದಾಟಿದೆ. ಆಗ ಹುಡುಗ ಮೈದಾನದಲ್ಲಿದ್ದಾನೋ ಇಲ್ಲವೋ? ಪತ್ರಿಕಾಗೋಷ್ಠಿಯಲ್ಲಿ ಎಲ್ಲ ಕೋಚ್‌ಗಳೂ ಹೊಗಳುತ್ತಾರೆ. ಆದರೆ ಗೆಲುವು ಕಾಯುವ ಹೊತ್ತಿನಲ್ಲಿ ಯಾರನ್ನು ಉಳಿಸಿಕೊಳ್ಳುತ್ತಾರೆ ಅನ್ನುವುದರಲ್ಲಿ ನಿಜ ಗೊತ್ತಾಗುತ್ತದೆ. ಮಿಡ್‌ಫೀಲ್ಡರ್‌ಗೂ ವಿಂಗ್‌ಬ್ಯಾಕ್‌ಗೂ ಈ ಲೆಕ್ಕ ಚೆನ್ನಾಗಿ ಕೂರುತ್ತದೆ. ಸ್ಟ್ರೈಕರ್ ಆದರೆ ತಿರುಗಿಸಿ, ತಂಡ ಹಿಂದಿರುವಾಗ ನೋಡಬೇಕು. ಸೆಂಟರ್ ಬ್ಯಾಕ್‌ಗೆ, ಅಂದರೆ ಗೋಲಿನ ಮುಂದೆ ಕಾಯುವ ಡಿಫೆಂಡರ್‌ಗೆ, ನಡೆಯುವುದಿಲ್ಲ, ಅವರನ್ನು ಯಾರೂ ಸುಲಭಕ್ಕೆ ತೆಗೆಯುವುದಿಲ್ಲ. ನಮ್ಮ ಸೆಂಟರ್ ಬ್ಯಾಕ್ ಸಲಿಬಾ ಫ್ರಾನ್ಸಿನ ಮಾರ್ಸೇಲ್‌ನಲ್ಲಿ ಲೋನ್‌ಗಿದ್ದಾಗ ಈ ಕಾಲಂ ತುಂಬಿಸಿದ್ದೆಲ್ಲ ದಂಡ.

ಮೂರನೆಯದು ಕೋಚ್ ಬದಲಾದರಾ ಅನ್ನುವ ಕಾಲಂ, ಬದಲಾದರೆ ಅಂಕ ಕಳೆಯುತ್ತೇನೆ. ನಾಲ್ಕನೆಯದಕ್ಕೆ ನಾನು ಇಟ್ಟ ಹೆಸರು ಮೇಲಿನ ಬಾಗಿಲು: ಆರ್ಸೆನಲ್‌ನಲ್ಲಿ ಅದೇ ಜಾಗದಲ್ಲಿ ಯಾರಿದ್ದಾರೆ, ಅವರ ವಯಸ್ಸೆಷ್ಟು, ಕ್ಲಬ್ ಅವರಿಗೆ ಎಷ್ಟು ಸುರಿದಿದೆ. ಐದನೆಯ ಕಾಲಂ ಕೂಡ ಇದೆ. ಅದನ್ನು ಇಲ್ಲಿ ಹೇಳುವುದಿಲ್ಲ.

ಈಗ ದುಡ್ಡಿನ ವಿಷಯ. ಮೊದಲ ಎರಡು ಸೀಸನ್ ತುಂಬಾ ಕಳೆದೆ. ಒಂದು ಸಲ ಚಾಂಪಿಯನ್‌ಶಿಪ್‌ನ, ಅಂದರೆ ಪ್ರೀಮಿಯರ್ ಲೀಗ್‌ನ ಕೆಳಗಿನ ಡಿವಿಷನ್ನಿನ, ಒಂದು ಕ್ಲಬ್ಬಿನ ಇಡೀ ಸೀಸನ್ ಸ್ಟ್ರೀಮ್ ಪಾಸ್ ತೆಗೆದುಕೊಂಡೆ. ಹನ್ನೊಂದೋ ಹನ್ನೆರಡೋ ಸಾವಿರ ಆಯಿತು. ಮೇಲೆ ಕಾರ್ಡಿನ ಫಾರೆಕ್ಸ್ ಚಾರ್ಜು ಮೂರೂವರೆ ಪರ್ಸೆಂಟ್, ಅದಕ್ಕೆ ಜಿಎಸ್‌ಟಿ. ಜನವರಿಯಲ್ಲಿ ಹುಡುಗನನ್ನು ಆರ್ಸೆನಲ್ ಕರೆಸಿಕೊಂಡಿತು. ಉಳಿದ ನಾಲ್ಕು ತಿಂಗಳು ನನಗೆ ಸಂಬಂಧವೇ ಇಲ್ಲದ ತಂಡದ ಪಾಸ್ ಕೈಯಲ್ಲಿ. ನನ್ನ ಹೆಂಡತಿ ಒಂದು ದಿನ ಬಂದು "ಈಗ ನೀವು ಯಾರ ಕಡೆ?" ಅಂದಳು. ಉತ್ತರ ಇರಲಿಲ್ಲ. ಈಗ ತಿಂಗಳ ಪಾಸ್, ಇಲ್ಲವೇ ಬರೀ ಆಡಿಯೋ ಕಾಮೆಂಟರಿ. ಆಡಿಯೋ ತಿಂಗಳಿಗೆ ನಾನ್ನೂರೈವತ್ತು ರೂಪಾಯಿ ಚಿಲ್ಲರೆ ಬೀಳುತ್ತಿತ್ತು. ಯಾರು ಇಳಿದರು, ಯಾರನ್ನು ತೆಗೆದರು, ಆಗ ಸ್ಕೋರ್ ಎಷ್ಟು, ಇಷ್ಟು ತಿಳಿಯಲು ಆಡಿಯೋ ಸಾಕು. ಊರಿನ ಕ್ಲಬ್ಬನ್ನು ಇಪ್ಪತ್ತು ವರ್ಷದಿಂದ ನೋಡುವ ಕಾಮೆಂಟೇಟರ್ ಇಟ್ಟ ಒಂದು ನಿಟ್ಟುಸಿರು ಹತ್ತು ರೇಟಿಂಗ್‌ಗಿಂತ ಜಾಸ್ತಿ ಹೇಳುತ್ತದೆ.

ಪಾಸ್ ಕೊಳ್ಳುವ ಮೊದಲು ಇನ್ನೊಂದು ನೋಡಿಕೊಳ್ಳಿ. ಇಎಫ್‌ಎಲ್, ಅಂದರೆ ಪ್ರೀಮಿಯರ್ ಲೀಗ್‌ನ ಕೆಳಗಿನ ಮೂರು ಡಿವಿಷನ್ನುಗಳ, ಕ್ಲಬ್ಬುಗಳು ಒಂದು ಪಂದ್ಯದ ಪಟ್ಟಿಯಲ್ಲಿ ಐದು ಜನ ಲೋನ್ ಆಟಗಾರರನ್ನು ಮಾತ್ರ ಹಾಕಬಹುದು. ಆ ಕ್ಲಬ್ ಈಗಾಗಲೇ ಐವರನ್ನು ತಂದಿದ್ದು, ನಮ್ಮವನು ಆರನೆಯವನಾದರೆ, ಪಾಸಿಗೆ ಹಾಕುವ ದುಡ್ಡಿನಲ್ಲಿ ಮನೆಗೆ ಒಂದು ಮಿಕ್ಸಿ ತನ್ನಿ.

ನಮಗೆ ಒಂದು ಲಾಭವೂ ಉಂಟು. ಶನಿವಾರ ಮಧ್ಯಾಹ್ನ ಮೂರರ ಪಂದ್ಯಗಳನ್ನು ಇಂಗ್ಲೆಂಡಿನವರಿಗೆ ಟಿವಿಯಲ್ಲಿ ಲೈವ್ ತೋರಿಸುವಂತಿಲ್ಲ. ಹೊರದೇಶದವರಿಗೆ ಆ ಕಟ್ಟುಪಾಡಿಲ್ಲ. ಚಳಿಗಾಲದಲ್ಲಿ ನಮಗೆ ಅದು ರಾತ್ರಿ ಎಂಟೂವರೆ, ಊಟದ ಹೊತ್ತು. ಅಂಡರ್-18 ಪಂದ್ಯಗಳು ಶನಿವಾರ ಬೆಳಿಗ್ಗೆಯವು, ನಮಗೆ ಸಂಜೆಯ ಕಾಫಿ ಟೈಮು. ಪಿಎಲ್2 ಮಾತ್ರ ಕಷ್ಟ, ಶುಕ್ರವಾರ, ಸೋಮವಾರ ಅಲ್ಲಿ ಸಂಜೆ ಏಳು ಅಂದರೆ ಚಳಿಗಾಲದಲ್ಲಿ ಇಲ್ಲಿ ಹನ್ನೆರಡೂವರೆ. ಮಂಗಳವಾರ ಬೆಳಿಗ್ಗೆ ಆಫೀಸಿನ ಮೀಟಿಂಗ್‌ನಲ್ಲಿ ನಾನು ಯಾಕೆ ಹಾಗೆ ಕಾಣುತ್ತೇನೆ ಅಂತ ನಮ್ಮ ಮ್ಯಾನೇಜರ್‌ಗೆ ಇನ್ನೂ ಗೊತ್ತಿಲ್ಲ.

ಅಕಾಡೆಮಿ ತಂಡಗಳಲ್ಲಿ ನಾನು ಯಾರು ಆಡಿದರು ಅನ್ನುವುದಕ್ಕಿಂತ ಯಾರು ಆಡಲಿಲ್ಲ ಅಂತ ನೋಡುತ್ತೇನೆ. ಪ್ರತಿ ವಾರ ಆಡುವ 16ರ ಹುಡುಗನ ಹೆಸರು ಶನಿವಾರದ ಪಟ್ಟಿಯಲ್ಲಿ ಇಲ್ಲ ಅಂದರೆ ಗಾಯ ಇರಬೇಕು, ಇಲ್ಲ ದೇಶದ ತಂಡ, ಇಲ್ಲ ಮೇ ತಿಂಗಳಾದರೆ ಸ್ಕೂಲ್ ಪರೀಕ್ಷೆ. ಇದ್ಯಾವುದೂ ಅಲ್ಲದಿದ್ದರೆ ಭಾನುವಾರ ದೊಡ್ಡವರ ಬೆಂಚು ನೋಡಿ. ಈಥನ್ ನ್ವಾನೇರಿ 2022ರ ಸೆಪ್ಟೆಂಬರ್‌ನಲ್ಲಿ ಬ್ರೆಂಟ್‌ಫರ್ಡ್ ವಿರುದ್ಧ ಇಳಿದಾಗ 15 ವರ್ಷ 181 ದಿನ. ಪ್ರೀಮಿಯರ್ ಲೀಗ್‌ನಲ್ಲಿ ಅಷ್ಟು ಚಿಕ್ಕವನು ಅದುವರೆಗೆ ಆಡಿರಲಿಲ್ಲ. ಆವತ್ತು ಭಾನುವಾರ. ನಮ್ಮ ಗುಂಪಿನಲ್ಲಿ "ಯಾರಪ್ಪಾ ಇವನು?" ಅಂತ ಕೇಳದಿದ್ದವನು ನಾನೊಬ್ಬನೇ. ಪಂದ್ಯ ಶುರುವಾಗುವ ಮುಂಚೆ ಯೂತ್ ಪಟ್ಟಿ ನನಗೆ ಹೇಗೆ ಸಿಗುತ್ತದೆ ಅಂತ ಕೇಳಬೇಡಿ. ಹೇಳಿದರೆ ಆ ದಾರಿ ಮುಚ್ಚಿಹೋಗುತ್ತದೆ.

ಇನ್ನು ಶೀಟಿಗೆ ನಿಜವಾದ ಪರೀಕ್ಷೆ ಆಗಿದ್ದು ಇಬ್ಬರಿಂದ.

ಮಿಡ್‌ಫೀಲ್ಡರ್ ಚಾರ್ಲಿ ಪಟೀನೊ ಡಿಸೆಂಬರ್ 2021ರಲ್ಲಿ ಸಂಡರ್‌ಲ್ಯಾಂಡ್ ವಿರುದ್ಧ ಮೊದಲ ಪಂದ್ಯದಲ್ಲೇ ಗೋಲು ಹೊಡೆದ. ಎಲ್ಲರಿಗೂ ಹುಚ್ಚು. ಮುಂದಿನ ಸೀಸನ್ ಬ್ಲ್ಯಾಕ್‌ಪೂಲ್‌ಗೆ ಹೋದ. ನಿಮಿಷ ಚೆನ್ನಾಗಿಯೇ ಸಿಕ್ಕಿತು. ಆದರೆ ಆ ಒಂದೇ ಸೀಸನ್ನಿನಲ್ಲಿ ಕೋಚ್ ಆಪಲ್ಟನ್ ಹೋಗಿ, ಮಿಕ್ ಮೆಕಾರ್ಥಿ ಬಂದು, ಅವರೂ ಹೋಗಿ, ಡಾಬಿ ಬಂದರು. ತಂಡ ಕೆಳಗಿನ ಡಿವಿಷನ್ ಲೀಗ್ ಒನ್‌ಗೆ ಬಿತ್ತು. ಮುಂದಿನ ವರ್ಷ ಸ್ವಾನ್ಸಿ. ಅಲ್ಲಿಯೂ ಡಿಸೆಂಬರ್‌ನಲ್ಲಿ ಕೋಚ್ ಡಫ್ ಹೋದರು. ಮೃದುವಾಗಿ ಪಾಸ್ ಆಡುವ ಹುಡುಗ ಇಂಥ ಗದ್ದಲದಲ್ಲಿ ಕಲಿಯುವುದೇನು? ಅದರ ಮೇಲೆ 2023ರ ಬೇಸಿಗೆಯಲ್ಲಿ ಆರ್ಸೆನಲ್ ಮಿಡ್‌ಫೀಲ್ಡರ್ ಡೆಕ್ಲನ್ ರೈಸ್‌ನನ್ನು 10 ಕೋಟಿ ಪೌಂಡ್‌ಗೂ ಮೇಲೆ ಕೊಟ್ಟು ತಂದಿತು. ಮೇಲಿನ ಬಾಗಿಲಿಗೆ ಬೀಗ ಬಿತ್ತು. "ಇವನು ವಾಪಸ್ ಬರಲ್ಲ" ಅಂತ ನಾನು ಹೇಳಿದ್ದಕ್ಕೆ ಗುಂಪಿನಲ್ಲಿ ಒಬ್ಬರು ಎರಡು ತಿಂಗಳು ಮಾತು ಬಿಟ್ಟರು. 2024ರಲ್ಲಿ ಪಟೀನೊ ಸ್ಪೇನ್‌ನ ಡಿಪೊರ್ಟಿವೊಗೆ ಹೋದ. ಮಾತು ಶುರುವಾಯಿತು.

ಸ್ಟ್ರೈಕರ್ ಫೊಲಾರಿನ್ ಬಲೋಗನ್ ವಿಷಯದಲ್ಲಿ ಜಗಳ ಇನ್ನೂ ದೊಡ್ಡದು. ಜನವರಿ 2022ಕ್ಕೆ ಮಿಡಲ್ಸ್‌ಬರೋಗೆ ಹೋದ. ಲೀಗ್‌ನಲ್ಲಿ ಗೋಲು ಬರೀ 3. "ಏನ್ ಗುರು, ಇವನನ್ನ ನೋಡೋಕೂ ದುಡ್ಡು ಕೊಡ್ತೀಯಾ?" ಅಂದರು. ನನ್ನ ಶೀಟ್ ಬೇರೆ ಹೇಳುತ್ತಿತ್ತು. ಉಳಿದಿದ್ದ ಪಂದ್ಯಗಳಲ್ಲಿ 18ರಲ್ಲಿ, ಅಂದರೆ ಹೆಚ್ಚುಕಡಿಮೆ ಎಲ್ಲದರಲ್ಲೂ, ಕೋಚ್ ಕ್ರಿಸ್ ವೈಲ್ಡರ್ ಅವನನ್ನು ಇಳಿಸಿದ್ದರು. ಗೋಲು ಹೊಡೆಯದ ಸ್ಟ್ರೈಕರ್‌ನನ್ನು ಕೋಚ್ ಮತ್ತೆ ಮತ್ತೆ ಆಡಿಸುತ್ತಾನೆ ಅಂದರೆ ಟ್ರೇನಿಂಗ್‌ನಲ್ಲಿ ಏನೋ ಕಾಣುತ್ತಿದೆ ಅಂತ ಅರ್ಥ. ಮುಂದಿನ ಸೀಸನ್ ಫ್ರಾನ್ಸಿನ ರೆಮ್ಸ್‌ಗೆ ಹೋಗುವಾಗ "ಹತ್ತರ ಮೇಲೆ ಹೊಡೀತಾನೆ" ಅಂತ ಬೆಟ್ ಕಟ್ಟಿದೆ. ಇಡೀ ಗುಂಪಿಗೆ ವಿದ್ಯಾರ್ಥಿ ಭವನದಲ್ಲಿ ದೋಸೆ.

ಅಕ್ಟೋಬರ್‌ನಲ್ಲಿ ರೆಮ್ಸ್ ಕೋಚ್‌ನನ್ನು ತೆಗೆಯಿತು. ನನ್ನ ಮೂರನೆಯ ಕಾಲಂ ಪ್ರಕಾರ ಇದು ಕೆಟ್ಟ ಸುದ್ದಿ. ಬಂದವರು ವಿಲ್ ಸ್ಟಿಲ್, ಆಗಿನ್ನೂ 30 ವರ್ಷ. ಅವರಿಗೆ ಬೇಕಾದ ಕೋಚಿಂಗ್ ಲೈಸೆನ್ಸ್ ಇರಲಿಲ್ಲ, ಕ್ಲಬ್ ಪಂದ್ಯಕ್ಕೆ 25,000 ಯೂರೋ ದಂಡ ಕಟ್ಟಿ ಆಡಿಸಿತು. ತಂಡ ಸೋಲುವುದನ್ನೇ ಮರೆತಿತು. ಆವತ್ತಿನಿಂದ ಆ ಕಾಲಂನಲ್ಲಿ ಒಂದು ತಿದ್ದುಪಡಿ: ಒಳಗಿನಿಂದಲೇ ಬಡ್ತಿ ಪಡೆದ ಕೋಚ್ ಆದರೆ ಅರ್ಧ ಅಂಕ ಮಾತ್ರ ಕಳೆಯುತ್ತೇನೆ. ಸ್ಟಿಲ್ ಮುಂಚೆಯೇ ಅಲ್ಲಿ ಸಹಾಯಕರಾಗಿದ್ದವರು, ಹುಡುಗರನ್ನು ಬಲ್ಲವರು.

ಜನವರಿ 29, 2023. ಪ್ಯಾರಿಸ್‌ನಲ್ಲಿ ಪಿಎಸ್‌ಜಿ ವಿರುದ್ಧ ಪಂದ್ಯ, ನಮಗೆ ರಾತ್ರಿ ಒಂದೂಕಾಲು. ನೇಮರ್ ಗೋಲು, ವೆರಾಟಿಗೆ ರೆಡ್ ಕಾರ್ಡ್, ರೆಮ್ಸ್ 1-0 ಹಿಂದೆ. ನನ್ನ ಎರಡನೆಯ ಕಾಲಂ ಕೇಳುವ ಪ್ರಶ್ನೆ ಇದೇ ಅಲ್ವಾ, ತಂಡ ಹಿಂದಿರುವಾಗ ಸ್ಟ್ರೈಕರ್ ಮೈದಾನದಲ್ಲಿದ್ದಾನಾ? ಇದ್ದ. 90 ನಿಮಿಷ ಮುಗಿದು ಆರನೆಯ ನಿಮಿಷ. ಚೆಂಡು ಡಿಫೆನ್ಸ್ ಸೀಳಿ ಬಂತು, ಗೋಲ್‌ಕೀಪರ್ ಡೊನ್ನರುಮ್ಮಾ ಮುಂದೆ ಬಂದ, ಬಲೋಗನ್ ಅವನನ್ನು ದಾಟಿಕೊಂಡು ಹೋಗಿ ಒಳಗೆ ತಳ್ಳಿದ. ಮನೆಯಲ್ಲಿ ಎಲ್ಲರೂ ಮಲಗಿದ್ದರು. ದಿಂಬು ಕಚ್ಚಿಕೊಂಡೆ. ಬೆಳಗಾಗುವ ಮೊದಲೇ ಗುಂಪಿನಲ್ಲಿ ದೋಸೆಯ ಚಿತ್ರ ಹಾಕಿದ್ದೆ.

ಸೀಸನ್ ಮುಗಿದಾಗ ಲೀಗ್‌ನಲ್ಲಿ 21 ಗೋಲು. ಆದರೆ ಆರ್ಸೆನಲ್‌ಗೆ ವಾಪಸ್ ಬಂದು ಆಡುತ್ತಾನೆ ಅಂತ ನಾನು ಹೇಳಲಿಲ್ಲ, ಇದನ್ನು ಎಲ್ಲರೂ ಮರೆಯುತ್ತಾರೆ. ಮೇಲಿನ ಬಾಗಿಲಿನಲ್ಲಿ ಸ್ಟ್ರೈಕರ್ ಜೆಸುಸ್ ಇದ್ದ, ಎನ್ಕೆಟಿಯಾ ಇದ್ದ. ಒಳ್ಳೆ ಬೆಲೆಗೆ ಮಾರುತ್ತಾರೆ ಅಂದೆ. ಮೊನಾಕೋಗೆ ಸುಮಾರು 4 ಕೋಟಿ ಯೂರೋಗೆ ಹೋದ ಅಂತ ಸುದ್ದಿ ಬಂತು.

ನಡುವೆ ಒಂದಷ್ಟು ಚಿಲ್ಲರೆ ಪ್ರಯೋಗಗಳೂ ಆದವು. ಗೋಲ್‌ಕೀಪರ್‌ಗಳಿಗೆ ಶೀಟ್ ಮಾಡಿದೆ, ಉಪಯೋಗಕ್ಕೆ ಬರಲಿಲ್ಲ. ಕೀಪರ್ ಆಡಿದರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ. ರೆಮ್ಸ್ ಊರಿನ ಪತ್ರಿಕೆಯನ್ನು ಮಷಿನ್ ಅನುವಾದದಲ್ಲಿ ಓದಿದೆ. ಅದು ಚೆನ್ನಾಗಿ ಕೆಲಸ ಮಾಡಿತು, ಆಟಗಾರರ ಹೆಸರನ್ನೂ ಅನುವಾದ ಮಾಡುತ್ತಿತ್ತು ಅನ್ನುವುದು ಬಿಟ್ಟರೆ.

ಆಮೇಲೆ ನಮ್ಮೂರಿನಲ್ಲೇ ಯಾಕೆ ಮಾಡಬಾರದು ಅಂತ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ ಬೆಂಗಳೂರು ಎಫ್‌ಸಿ ಬಿ ತಂಡದ ಪಂದ್ಯಗಳಿಗೆ ಹೋದೆ. ಅಲ್ಲಿ ಆ್ಯಪ್ ನಂಬುವಂತಿಲ್ಲ. ಸಬ್‌ಸ್ಟಿಟ್ಯೂಷನ್ ಬೋರ್ಡಿನ ನಂಬರ್ ಬಿಸಿಲಿಗೆ ಕಾಣುವುದಿಲ್ಲ. ನೋಟ್‌ಬುಕ್, ಕೈಗಡಿಯಾರ ಇಟ್ಟುಕೊಂಡು ಬರೆಯುತ್ತಿದ್ದರೆ ಪಕ್ಕದಲ್ಲಿ ಕಡಲೆಕಾಯಿ ತಿನ್ನುತ್ತಿದ್ದ ಹಿರಿಯರು "ಯಾವ ಕ್ಲಬ್ ಸ್ಕೌಟಪ್ಪಾ ನೀನು?" ಅಂದರು. ಅಲ್ಲ ಅಂದರೂ ನಂಬಲಿಲ್ಲ. ಅವರ ಮೊಮ್ಮಗನ ಆಟದ ಬಗ್ಗೆ ಅರ್ಧ ಗಂಟೆ ಹೇಳಿದರು. ಬಿ ತಂಡದಿಂದ ಬಂದ ಶಿವಶಕ್ತಿ ನಾರಾಯಣನ್ ನನ್ನ ನೋಟ್‌ಬುಕ್‌ನಲ್ಲಿ ಮೊದಲೇ ಇದ್ದ. 2022ರ ಡ್ಯುರಾಂಡ್ ಕಪ್ ಫೈನಲ್‌ನಲ್ಲಿ ಮುಂಬೈ ಸಿಟಿ ವಿರುದ್ಧ ಅವನು ಗೋಲು ಹೊಡೆದಾಗ ಆ ಹಿರಿಯರ ಫೋನ್ ನಂಬರ್ ತಗೊಂಡಿರಬೇಕಿತ್ತು ಅನ್ನಿಸಿತು.

ಈಗ ವರ್ಷಕ್ಕೆ ಖರ್ಚು ಮೂರೂವರೆ ನಾಲ್ಕು ಸಾವಿರದೊಳಗೆ ಮುಗಿಯುತ್ತಿದೆ. ಹುಡುಗರ ಸಂಖ್ಯೆಯೂ ಇಳಿಸಿದ್ದೇನೆ. ಎಲ್ಲರನ್ನೂ ಹಿಂಬಾಲಿಸಿದರೆ ಯಾರ ಬಗ್ಗೆಯೂ ಏನೂ ಗೊತ್ತಾಗುವುದಿಲ್ಲ. ಲೋನ್‌ಗೆ ಹೋದವರಲ್ಲಿ ನಾಲ್ವರು, ಅಕಾಡೆಮಿಯಲ್ಲಿ ಮೂವರು, ಅಷ್ಟೇ. ಶೀಟ್ ಬೇಕು ಅಂದವರಿಗೆ ಕೊಡುತ್ತೇನೆ, ಐದನೆಯ ಕಾಲಂ ಅಳಿಸಿ. ಬೆಟ್‌ನ ದೋಸೆ ಮಾತ್ರ ಇನ್ನೂ ಇಬ್ಬರಿಂದ ಬಾಕಿ ಇದೆ. ಅವರು ಯಾರು ಅಂತ ಅವರಿಗೇ ಗೊತ್ತು.